ಧಮನಿಕಾಠಿನ್ಯದಲ್ಲಿ ನಾಳಭಿತ್ತಿಯ ಜೀವಕೋಶಗಳ ಪಾತ್ರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಮಳೆ ಬಂದಾಗ ಮಾತ್ರ ಮೈದುಂಬುವ ಹೊಳೆಗಳು. ಆದುದರಿಂದಲೇ ಇಲ್ಲಿನ ಪೂರ್ವಿಕರು ಊರಿಗೊಂದು ಕೆರೆಯನ್ನು ಕಟ್ಟಿ, ಏರಿ, ತೂಬು, ಕೋಡಿ, ಕಾಲುವೆಗಳ ವ್ಯವಸ್ಥೆಯನ್ನು ನಿರ್ಮಿಸಿ, ನೀರನ್ನು ಹಂಚಿಕೊಡಲು ನೀರುಗಂಟಿಯೆಂಬ ಒಬ್ಬ ಕಾರ್ಯಕರ್ತನನ್ನು ನೇಮಿಸಿಕೊಂಡಿದ್ದರು. ಮನುಷ್ಯ ಶರೀರದಲ್ಲಿಯೂ ಇಂತಹುದೇ ಒಂದು ವ್ಯವಸ್ಥೆಯಿದೆ. ಹೃದಯದಿಂದ ಹೊರಟ ರಕ್ತವನ್ನು ತಲೆಯಿಂದ ಉಂಗುಷ್ಠದವರೆಗೆ ಒಯ್ಯುವ ಕಾಲುವೆಗಳಿಗೆ ಧಮನಿಗಳೆಂದು ಹೆಸರು. ಆಡುಮಾತಿನಲ್ಲಿ ಇವನ್ನೂ ‘ನರ’ವೆಂದೇ ಕರೆಯುವುದುಂಟಾದರೂ ಸಂವೇದನೆಯನ್ನು ಒಯ್ಯುವ ನರ ಬೇರೆ, ರಕ್ತವನ್ನು ಒಯ್ಯುವ ನಾಳ ಬೇರೆ. ಈ ನಾಳಗಳು ತಮ್ಮ ಮಾರ್ದವವನ್ನು ಕಳೆದುಕೊಂಡು ಪೆಡಸಾಗುವುದನ್ನೇ ಧಮನಿಕಾಠಿನ್ಯವೆನ್ನುತ್ತಾರೆ. ಎದೆನೋವು, ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಅನೇಕ ವ್ಯಾಧಿಗಳಿಗೆ ಇದೇ ಮೂಲ.

ಧಮನಿ ಎಂಬ ಶಬ್ದದ ವಿಚಾರವೂ ಇಲ್ಲಿ ಪ್ರಸ್ತುತವೇ ಆಗಿದೆ. ಊದು ಎಂಬ ಅರ್ಥವುಳ್ಳ ‘ಧ್ಮಾ’ ಧಾತುವಿನೊಡನೆ ಇದಕ್ಕೆ ಸಂಬಂಧವಿದೆ. ತಿದಿಯಂತೆ ಉಬ್ಬಿ ತಗ್ಗುವುದು ಧಮನಿ. ಪ್ರಾಚೀನ ಗ್ರೀಕರೂ ಧಮನಿಗಳಲ್ಲಿ ವಾಯುವಿರುವುದೆಂದು ಬಹುಕಾಲ ಭಾವಿಸಿದ್ದರು. ಸುಶ್ರುತನು ನಾಭಿಯಿಂದ ಹೊರಡುವ ೨೪ ಧಮನಿಗಳನ್ನು ಹೇಳಿದ್ದಾನೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಕಫಜನ್ಯವಾದ ೨೦ ವಿಕಾರಗಳನ್ನು ಎಣಿಸುವಾಗ ‘ಧಮನೀಪ್ರತಿಚಯ’ವೆಂಬ ಒಂದು ವಿಕಾರದ ಹೆಸರು ಬರುತ್ತದೆ. ಪ್ರತಿಚಯವೆಂದರೆ ಕೂಡಿಕೊಂಡು ಬೆಳೆಯುವುದು. ಇದು ಇಂದಿನ ವೈದ್ಯರು ವರ್ಣಿಸುವ ವ್ಯಾಧಿಯೇ ಎಂದು ಸಾಧಿಸಹೊರಡುವುದು ಯುಕ್ತವಲ್ಲ. ಆದರೆ ನಾಳದಲ್ಲಿ ಏನೋ ಕೂಡಿಕೊಳ್ಳಬಲ್ಲುದೆಂಬ ಚಿಂತನೆ ಪ್ರಾಚೀನರಿಗಿತ್ತೆಂಬುದಕ್ಕೆ ಈ ಪದವು ಸಾಕ್ಷಿಯಾಗಿದೆ. ಪಾಶ್ಚಾತ್ಯ ವೈದ್ಯದಲ್ಲಿ ‘ಆರ್ಟೀರಿಯೋಸ್ಕ್ಲೆರೋಸಿಸ್’ ಎಂಬ ಪದವನ್ನು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಸ್ಟ್ರಾಸ್‌ಬರ್ಗಿನ ಲೋಬ್‌ಸ್ಟೈನ್ ಬಳಕೆಗೆ ತಂದನು. ೧೯೦೪ರಲ್ಲಿ ಮಾರ್ಶಾಂಡ್ ಎಂಬ ಜರ್ಮನ್ ವಿದ್ವಾಂಸನು ‘ಅಥಿರೋಸ್ಕ್ಲೆರೋಸಿಸ್’ ಎಂಬ ಇನ್ನೊಂದು ಪದವನ್ನು ಸೇರಿಸಿದನು. ಗ್ರೀಕಿನಲ್ಲಿ ‘ಅಥಿರೆ’ ಎಂದರೆ ಗಂಜಿ, ಅಂಬಲಿ. ನಾಳದ ಗೋಡೆಯನ್ನು ಕೊಯ್ದು ನೋಡಿದಾಗ ಒಳಗೆ ಅಂಬಲಿಯಂತಹ ಮೆತುವಾದ ಮೇದಸ್ಸೂ ಅದರ ಸುತ್ತ ಗಡಸು ಕವಚವೂ ಕಂಡುಬಂದುದರಿಂದ ಈ ಹೆಸರು ಅನ್ವರ್ಥವಾಯಿತು.

ಒಂದು ತಪ್ಪು ತಿಳಿವಳಿಕೆ

ಕೋಲಾರ ಸೀಮೆಯ ಜನರಿಗೆ ಗಡಸು ನೀರಿನ ಅನುಭವ ಚೆನ್ನಾಗಿದೆ. ಕೊಳವೆಬಾವಿಯ ನೀರನ್ನು ಕಾಯಿಸಿದ ಹಂಡೆಯ ಒಳಮೈಗೆ ಬಿಳಿಯ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಕೆಲವು ವರ್ಷಗಳಲ್ಲಿ ಕೊಳಾಯಿಯ ಕೊಳವೆಯೂ ಕಿರಿದಾಗುತ್ತದೆ. ಇದನ್ನು ಕಂಡವರು, ರಕ್ತನಾಳವೂ ಹೀಗೆಯೇ ಕಟ್ಟಿಕೊಳ್ಳುವುದೆಂದೂ ಗಡಸು ನೀರೇ ಧಮನಿಯನ್ನು ಗಡಸಾಗಿಸುವುದೆಂದೂ ಊಹಿಸುವುದು ಸಹಜವೇ. ಆದರೆ ಈ ಊಹೆ ಸರಿಯಲ್ಲ. ನೀರಿನ ಗಡಸುತನಕ್ಕೂ ಧಮನಿಕಾಠಿನ್ಯಕ್ಕೂ ಅಂತಹ ಕಾರ್ಯಕಾರಣ ಸಂಬಂಧವು ಸಿದ್ಧವಾಗಿಲ್ಲ. ಗಡಸು ನೀರು ಕುಡಿಯುವ ಪ್ರದೇಶಗಳಲ್ಲಿ ಹೃದ್ರೋಗದ ಮರಣಗಳು ಸ್ವಲ್ಪ ಕಡಿಮೆಯೆಂದೇ ಕೆಲವು ದೇಶಗಳ ಅಧ್ಯಯನಗಳು ಸೂಚಿಸಿವೆ. ಈ ಸೀಮೆಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡಿನ ಅಂಶವು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ದಾಟಿರುವುದು ನಿಜ. ಅದರಿಂದ ಹಲ್ಲು ಕಲೆಗಟ್ಟುವುದೂ ಮೂಳೆ, ಕೀಲುಗಳು ಬಿಗಿಯುವುದೂ ನಿಜ. ಆ ವ್ಯಾಧಿಯ ಚಿಂತೆ ಬೇರೆಯೇ ಆದುದು. ಅದನ್ನೂ ಇದನ್ನೂ ಒಂದಾಗಿ ಬೆರೆಸಿ, ನೀರನ್ನು ಸೋಸಿದರೆ ಹೃದಯವು ಸುರಕ್ಷಿತವೆಂದು ಭಾವಿಸಿ, ಬೀಡಿಯನ್ನು ಬಿಡದಿರುವುದು ಆತ್ಮವಂಚನೆಯಾಗುತ್ತದೆ.

ಕೊಳವೆ ನಿರ್ಜೀವ ವಸ್ತು. ಧಮನಿಯಾದರೋ ಸಜೀವ ಅಂಗ. ಅದರ ಗೋಡೆಯು ಲಕ್ಷಾಂತರ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಆ ಕೋಶಗಳು ಆರೋಗ್ಯದಿಂದಿರುವವರೆಗೆ ನಾಳವು ಮೃದು. ಅವು ತಮ್ಮ ಧರ್ಮವನ್ನು ಬಿಟ್ಟಾಗ ನಾಳವು ಕಠಿನ. ಹೊರಗಿನಿಂದ ಬಂದ ಕೊಬ್ಬು ಅಥವಾ ಸುಣ್ಣ ಸುಮ್ಮನೆ ಬಂದು ಅಂಟಿಕೊಳ್ಳುವುದಿಲ್ಲ. ಗೋಡೆಯ ಕೋಶಗಳೇ ಅದಕ್ಕೆ ಎಡೆಗೊಡುತ್ತವೆ, ಕೆಲವೊಮ್ಮೆ ಅವುಗಳೇ ಅದನ್ನು ಕಟ್ಟುತ್ತವೆ. ಕಳೆದ ೫೦ ವರ್ಷಗಳ ಸಂಶೋಧನೆಯ ಸಾರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಇದೇ.

ಮೂರು ಪದರಗಳು

ಧಮನಿಯ ಗೋಡೆಗೆ ಮೂರು ಪದರಗಳುಂಟು. ರಕ್ತವನ್ನು ಮುಟ್ಟುವ ಒಳಪದರದ ಮೇಲ್ಮೈಯಲ್ಲಿ ಒಂದೇ ಕೋಶದಷ್ಟು ತೆಳುವಾದ, ನೆಲಕ್ಕೆ ಹಾಸಿದ ಹಾಸುಗಲ್ಲುಗಳಂತೆ ಅಂಚಿಗೆ ಅಂಚು ಕೂಡಿದ ಹಾಸು ಇದೆ, ಇದಕ್ಕೆ ಅಂತಃಸ್ತರವೆನ್ನಬಹುದು. ನಡುಪದರದಲ್ಲಿ ನಯಸ್ನಾಯು ಕೋಶಗಳು ಸುತ್ತಲೂ ಬಳಸಿಕೊಂಡಿದ್ದು, ಅವುಗಳ ನಡುವೆ ಹಿಗ್ಗುವ ಗುಣವುಳ್ಳ ಇಲಾಸ್ಟಿನ್ ಎಂಬ ತಂತುಗಳ ಪೊರೆಗಳಿವೆ. ಹೊರಪದರವು ನಾಳವನ್ನು ಸುತ್ತಣ ಅಂಗಾಂಶಗಳಿಗೆ ಕೂಡಿಸುವ ಕವಚ. ಹೃದಯವು ಒಮ್ಮೆ ಬಡಿದಾಗ ಮಹಾಧಮನಿಯು ಹಿಗ್ಗಿ, ಆ ಹಿಗ್ಗಿನಲ್ಲಿ ಶಕ್ತಿಯನ್ನು ಕೂಡಿಟ್ಟು, ಹೃದಯವು ವಿರಮಿಸುವಾಗ ಕುಗ್ಗಿ ರಕ್ತವನ್ನು ಮುಂದೂಡುತ್ತದೆ. ಇಲಾಸ್ಟಿನ್ ಬಹುಮಟ್ಟಿಗೆ ಬಾಲ್ಯದಲ್ಲಿಯೇ ನಿರ್ಮಾಣವಾಗಿ ದಶಕಗಳ ಕಾಲ ಬಾಳುವ ವಸ್ತು. ಮುರಿದ ಮೇಲೆ ಅದನ್ನು ಮೊದಲಿನಂತೆ ಕಟ್ಟುವುದು ದೇಹಕ್ಕೆ ಅಸಾಧ್ಯಪ್ರಾಯ.

ಅಂತಃಸ್ತರವೆಂಬ ನೀರುಗಂಟಿ

ಅಂತಃಸ್ತರದ ಕೋಶವನ್ನು ಕೆರೆಯ ನೀರುಗಂಟಿಗೆ ಹೋಲಿಸಬಹುದು. ರಕ್ತದ ಹರಿವು ಎಷ್ಟೆಂಬುದನ್ನು ಅದು ಅರಿಯುತ್ತದೆ. ಎಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕೆಂಬುದನ್ನು ನಡುಪದರದ ಕೋಶಗಳಿಗೆ ತಿಳಿಸುತ್ತದೆ. ರಕ್ತವು ಗೋಡೆಗೆ ಅಂಟಿ ಹೆಪ್ಪುಗಟ್ಟದಂತೆ ಕಾಯುತ್ತದೆ. ಈ ಸತ್ಯವು ತಿಳಿದುದು ಒಂದು ಸಣ್ಣ ಆಕಸ್ಮಿಕದಿಂದ. ೧೯೮೦ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್, ಮೊಲದ ಮಹಾಧಮನಿಯ ತುಣುಕುಗಳ ಮೇಲೆ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ಪ್ರಯೋಗಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಒಳಮೈ ಕೆಡದೆ ಉಳಿದಿದ್ದ ತುಣುಕುಗಳು ಸಡಿಲಗೊಂಡವು. ಒಳಮೈ ಉಜ್ಜಿಹೋಗಿದ್ದ ತುಣುಕುಗಳು ಸಡಿಲಗೊಳ್ಳಲಿಲ್ಲ. ಸಡಿಲಿಸುವ ಸಂದೇಶವು ಅಂತಃಸ್ತರದಿಂದಲೇ ಹೊರಡುವುದೆಂದು ಇದರಿಂದ ಸಿದ್ಧವಾಯಿತು. ಆ ಸಂದೇಶವಾಹಕವು ನೈಟ್ರಿಕ್ ಆಕ್ಸೈಡ್ ಎಂಬ ಸರಳವಾದ ಅನಿಲವೆಂಬುದು ಅನಂತರ ತಿಳಿಯಿತು. ಈ ಶೋಧಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕಾಲುವೆಯಲ್ಲಿ ನೀರು ನೇರವಾಗಿ ಹರಿಯುವೆಡೆ ಹೂಳು ನಿಲ್ಲದು. ತಿರುವಿನಲ್ಲಿ, ಕವಲಿನಲ್ಲಿ ಸುಳಿ ಉಂಟಾಗಿ ಹೂಳು ನಿಲ್ಲುತ್ತದೆ. ಧಮನಿಯಲ್ಲಿಯೂ ವ್ಯಾಧಿಯು ಮೊದಲು ತಲೆದೋರುವುದು ಕವಲು, ತಿರುವುಗಳಲ್ಲಿಯೇ. ಆದರೆ ಕಾರಣವು ಕೇವಲ ಯಾಂತ್ರಿಕವಲ್ಲ. ನೇರ ಹರಿವಿನಲ್ಲಿರುವ ಕೋಶಗಳು ಹರಿವಿನ ದಿಕ್ಕಿಗೆ ನೀಳವಾಗಿ ಸಾಲುಗೂಡಿ ಸ್ವಸ್ಥವಾಗಿರುತ್ತವೆ. ಸುಳಿಯಿರುವೆಡೆ ಅವು ಆ ಶಿಸ್ತನ್ನು ಕಳೆದುಕೊಳ್ಳುತ್ತವೆ, ನೈಟ್ರಿಕ್ ಆಕ್ಸೈಡನ್ನು ಕಡಿಮೆ ಮಾಡುತ್ತವೆ, ಅವುಗಳ ಸಂದುಗಳು ಸಡಿಲವಾಗುತ್ತವೆ. ರಕ್ತದೊತ್ತಡ, ಸಕ್ಕರೆ, ಹೊಗೆಸೊಪ್ಪಿನ ವಿಷ ಇವು ಸೇರಿದರೆ ಈ ಕೋಶಗಳು ಇನ್ನಷ್ಟು ಕೆಡುತ್ತವೆ. ಆಗ ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ತಿರುಗುವ ಎಲ್‌.ಡಿ.ಎಲ್. ಎಂಬ ಕಣಗಳು ಒಳನುಗ್ಗಿ, ಗೋಡೆಯ ಒಳಗೆ ಸಿಲುಕಿ, ಕೆಡುತ್ತವೆ.

ಕೊಲೆಸ್ಟರಾಲಿನ ಪಾತ್ರವನ್ನು ೧೯೧೩ರಲ್ಲಿ ರಷ್ಯದ ಅನಿಚ್ಕೋವ್ ಮೊಲಗಳಿಗೆ ಅದನ್ನು ತಿನ್ನಿಸಿ ತೋರಿಸಿದ್ದನು. ಎಲ್‌.ಡಿ.ಎಲ್. ಕಣವನ್ನು ಜೀವಕೋಶಗಳು ಹೇಗೆ ಹಿಡಿದುಕೊಳ್ಳುತ್ತವೆಂಬುದನ್ನು ವಿವರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ ೧೯೮೫ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಗೋಡೆಯಲ್ಲಿ ಕೆಟ್ಟ ಕೊಬ್ಬು ಸೇರಿದುದನ್ನು ಕಂಡ ಅಂತಃಸ್ತರವು ತನ್ನ ಮೈಮೇಲೆ ಕೊಂಡಿಗಳಂತಹ ಅಣುಗಳನ್ನು ಎತ್ತಿ ರಕ್ತದ ಬಿಳಿಯ ಕಣಗಳನ್ನು ಸಹಾಯಕ್ಕೆ ಕರೆಯುತ್ತದೆ. ಅವು ಒಳಹೊಕ್ಕು ಕೊಬ್ಬನ್ನು ನುಂಗಿ ನುಂಗಿ, ಕೊನೆಗೆ ನೊರೆ ತುಂಬಿದಂತೆ ಉಬ್ಬಿ, ನೊರೆಕೋಶಗಳೆನಿಸಿಕೊಂಡು ಅಲ್ಲಿಯೇ ಉಳಿಯುತ್ತವೆ. ಮೇಲಿನಿಂದ ನೋಡಿದರೆ ಆಗ ನಾಳದ ಒಳಮೈಯಲ್ಲಿ ಹಳದಿಯ ಗೆರೆಯೊಂದು ಕಾಣುತ್ತದೆ. ವ್ಯಾಧಿಯ ಮೊದಲ ಹೆಜ್ಜೆ ಇದು.

ಕೆಲಸ ಬದಲಿಸುವ ಸ್ನಾಯುಕೋಶ

ಇನ್ನು ನಡುಪದರದ ಸ್ನಾಯುಕೋಶಗಳ ವಿಚಾರ. ಸಂಕುಚನ, ವಿಕಸನಗಳೇ ಇವುಗಳ ನಿಯತವಾದ ಕಾಯಕ. ಆದರೆ ಹೃದಯದ ಸ್ನಾಯುವಿನಂತೆ ಇವು ಒಂದೇ ವೃತ್ತಿಗೆ ಕಟ್ಟುಬಿದ್ದವುಗಳಲ್ಲ. ಒಳಪದರದಲ್ಲಿ ಗಾಯವಾಯಿತೆಂಬ ಸುದ್ದಿ ಬಂದೊಡನೆ ಇವು ಸಂಕುಚನವನ್ನು ಬಿಟ್ಟು, ಸಂಖ್ಯೆಯಲ್ಲಿ ಹೆಚ್ಚಿ, ಒಳಪದರಕ್ಕೆ ವಲಸೆ ಹೋಗಿ, ನಾರನ್ನು ಹೆಣೆಯತೊಡಗುತ್ತವೆ. ಅಮೆರಿಕದ ರಸ್ಸೆಲ್ ರಾಸ್ ೧೯೭೦ರ ದಶಕದಲ್ಲಿ ಇದನ್ನು ‘ಗಾಯಕ್ಕೆ ಪ್ರತಿಕ್ರಿಯೆ’ ಎಂಬ ಸಿದ್ಧಾಂತವಾಗಿ ಮಂಡಿಸಿದರು. ಇವು ಹೆಣೆದ ನಾರಿನ ಮುಚ್ಚಳವು ಒಳಗಿನ ಅಂಬಲಿಯಂತಹ ಕೊಬ್ಬನ್ನು ರಕ್ತಕ್ಕೆ ತಾಗದಂತೆ ಮುಚ್ಚಿಡುತ್ತದೆ. ಆದುದರಿಂದ ಈ ಕಾರ್ಯವು ಮೊದಲಲ್ಲಿ ಉಪಕಾರವೇ. ಏರಿ ಬಿರಿದಾಗ ಊರವರು ಮಣ್ಣುಹೊತ್ತು ಸೇರುವಂತೆ ಇವು ಸೇರುತ್ತವೆ.

ಕಾಲ ಕಳೆದಂತೆ ಉಪಕಾರವು ಅಪಕಾರಕ್ಕೆ ತಿರುಗುತ್ತದೆ. ೧೯೭೩ರಲ್ಲಿ ಬೆಂಡಿಟ್ ಎಂಬ ತಂದೆ ಮತ್ತು ಮಗ ಪ್ರಕಟಿಸಿದ ಒಂದು ಪರೀಕ್ಷೆಯು ಇಲ್ಲಿ ಗಮನಾರ್ಹ. ಕೆಲವು ಸ್ತ್ರೀಯರ ದೇಹದಲ್ಲಿ ಒಂದು ಕಿಣ್ವದ ಎರಡು ಬಗೆಗಳು ಇರುತ್ತವೆ. ಒಂದೊಂದು ಕೋಶದಲ್ಲಿ ಒಂದೊಂದೇ ಬಗೆ. ಸ್ವಸ್ಥವಾದ ಧಮನಿಯಲ್ಲಿ ಎರಡೂ ಬಗೆಯ ಕೋಶಗಳು ಬೆರೆತಿದ್ದರೆ, ವ್ಯಾಧಿಯ ಗಂಟುಗಳಲ್ಲಿ ಅನೇಕ ವೇಳೆ ಒಂದೇ ಬಗೆ ಕಂಡಿತು. ಎಂದರೆ, ಒಂದೇ ಮೂಲದ ಸಂತಾನವು ಅಲ್ಲಿ ಬೆಳೆದು ತುಂಬಿಕೊಂಡಿತ್ತು. ಮುಂದೆ ಇಲಿಗಳ ಸ್ನಾಯುಕೋಶಗಳಿಗೆ ಗುರುತನ್ನಿಟ್ಟು ಅವುಗಳ ಸಂತಾನವನ್ನು ಬೆಂಬತ್ತುವ ವಿಧಾನವು ಬಂದ ಮೇಲೆ, ೨೦೧೦ರ ದಶಕದಲ್ಲಿ, ಈ ಸಂಗತಿಯು ದೃಢಪಟ್ಟಿತು. ಅದಕ್ಕಿಂತಲೂ ಆಶ್ಚರ್ಯಕರವಾದ ಇನ್ನೊಂದು ಸಂಗತಿಯೂ ಹೊರಬಂದಿತು. ಗಂಟಿನಲ್ಲಿ ಬಿಳಿಯ ರಕ್ತಕಣದ ಮೂಲದವೆಂದು ತಿಳಿದಿದ್ದ ಅನೇಕ ಕೋಶಗಳು ವಾಸ್ತವವಾಗಿ ವೇಷ ಬದಲಿಸಿದ ಸ್ನಾಯುಕೋಶಗಳಾಗಿದ್ದವು. ಅವು ತಾವೂ ಕೊಬ್ಬನ್ನು ನುಂಗಿ ನೊರೆಕೋಶಗಳಾಗಿದ್ದವು. ಏರಿಯನ್ನು ಕಟ್ಟಲು ಬಂದವರೇ ಕೆರೆಯಂಗಳವನ್ನು ಒತ್ತುವರಿ ಮಾಡಿಕೊಂಡಂತೆ ಆಯಿತು.

ಮೃದುವಾದುದು ಸುಣ್ಣಗಟ್ಟುವ ಬಗೆ

ಮಾಲೂರಿನ ಹೆಂಚಿನ ಕಾರ್ಖಾನೆಯನ್ನು ನೋಡಿದವರಿಗೆ, ಬೆರಳು ತಾಗಿದರೆ ಬಾಗುವ ಹಸಿಯ ಜೇಡಿಮಣ್ಣು ಆವಿಗೆಯಿಂದ ಹೊರಬಂದಾಗ ಬಾಗದೆ ಮುರಿಯುವ ಹೆಂಚಾಗುವುದು ತಿಳಿದಿದೆ. ಧಮನಿಯ ಗೋಡೆಯೂ ಕಟ್ಟಕಡೆಗೆ ಇಂತಹ ಅವಸ್ಥೆಯನ್ನು ಮುಟ್ಟುತ್ತದೆ. ಇಲ್ಲಿಯೂ ಕರ್ತೃಗಳು ಜೀವಕೋಶಗಳೇ. ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟುಗಳು ಯಾವಾಗಲೂ ಇರುತ್ತವೆ. ಅವು ನಾಳದಲ್ಲಿ ಹರಳುಗಟ್ಟದಂತೆ ತಡೆಯುವ ಪ್ರೋಟೀನುಗಳನ್ನು ಸ್ವಸ್ಥವಾದ ಸ್ನಾಯುಕೋಶಗಳು ಸ್ರವಿಸುತ್ತಿರುತ್ತವೆ. ೧೯೯೭ರಲ್ಲಿ ಅಂತಹ ಒಂದು ಪ್ರೋಟೀನನ್ನು ತಯಾರಿಸಲಾಗದಂತೆ ಮಾಡಿದ ಇಲಿಮರಿಗಳ ವೃತ್ತಾಂತವು ಪ್ರಕಟವಾಯಿತು. ಅವುಗಳ ಆಹಾರದಲ್ಲಿ ದೋಷವಿರಲಿಲ್ಲ. ಆದರೂ ಎರಡು ತಿಂಗಳೊಳಗಾಗಿ ಅವುಗಳ ಧಮನಿಗಳು ಸುಣ್ಣಗಟ್ಟಿ ಒಡೆದು, ಅವು ಸತ್ತವು. ಮೃದುತ್ವವೆಂಬುದು ತಾನಾಗಿ ಇರುವ ಸ್ಥಿತಿಯಲ್ಲ. ಕೋಶಗಳು ಪ್ರತಿಕ್ಷಣವೂ ದುಡಿದು ಕಾಪಾಡಿಕೊಂಡು ಬರುವ ಸ್ಥಿತಿಯೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮಧುಮೇಹ, ಮೂತ್ರಪಿಂಡದ ವ್ಯಾಧಿ, ವಾರ್ಧಕ್ಯ ಇವುಗಳಿಂದ ನೊಂದ ಸ್ನಾಯುಕೋಶವು ಈ ತಡೆಯನ್ನು ಬಿಡುವುದಷ್ಟೇ ಅಲ್ಲದೆ ಮೂಳೆಯನ್ನು ಕಟ್ಟುವ ಕೋಶದ ಲಕ್ಷಣಗಳನ್ನು ತಾಳುತ್ತದೆ. ಮೂಳೆಯಲ್ಲಿರುವ ಖನಿಜವೇ ನಾಳದಲ್ಲಿಯೂ ಕೂಡುತ್ತದೆ. ಇದು ಎರಡು ಎಡೆಗಳಲ್ಲಿ ಆಗುವುದುಂಟು. ಒಳಪದರದ ಕೊಬ್ಬಿನ ಗಂಟುಗಳಲ್ಲಿ ಆಗುವುದು ಒಂದು. ಕೊಬ್ಬಿನ ಸಂಬಂಧವಿಲ್ಲದೆ ನಡುಪದರದಲ್ಲಿಯೇ ಆಗುವುದು ಇನ್ನೊಂದು. ೧೯೦೩ರಲ್ಲಿ ಮೋಂಕೆಬೆರ್ಗ್ ಇದನ್ನು ವರ್ಣಿಸಿದನು. ಮೊದಲನೆಯದು ನಾಳವನ್ನು ಕಿರಿದಾಗಿಸುತ್ತದೆ, ಎರಡನೆಯದು ಪೆಡಸಾಗಿಸುತ್ತದೆ. ಪೆಡಸಾದ ಮಹಾಧಮನಿಯು ಹೃದಯದ ಬಡಿತವನ್ನು ತಾಳಿಕೊಳ್ಳಲಾರದಾಗಿ, ಎಳೆಯರಲ್ಲಿ ಸೆಕೆಂಡಿಗೆ ಸುಮಾರು ೫ ಮೀಟರ್ ವೇಗದಲ್ಲಿ ಸಾಗುವ ನಾಡಿಯ ಅಲೆಯು ೧೦ ಮೀಟರಿಗೂ ಮೀರಿ ಧಾವಿಸುತ್ತದೆ. ರಕ್ತದೊತ್ತಡದ ಮೇಲಿನ ಅಂಕಿಯು ಏರುತ್ತದೆ. ಏರಿದ ಒತ್ತಡವು ಅಂತಃಸ್ತರವನ್ನು ಮತ್ತೆ ನೋಯಿಸುತ್ತದೆ. ಹೀಗೆ ಕಾರ್ಯವೇ ಕಾರಣವಾಗಿ ಚಕ್ರವು ತಿರುಗುತ್ತದೆ.

ಅಪಾಯದ ಕ್ಷಣ

ನಾಳವು ಪೂರ್ತಿಯಾಗಿ ಕಟ್ಟಿಕೊಳ್ಳುವವರೆಗೆ ಅಪಾಯವಿಲ್ಲವೆಂದು ತಿಳಿಯಬಾರದು. ಅರ್ಧದಷ್ಟೂ ಮುಚ್ಚದ ಗಂಟು ಕೂಡ ಪ್ರಾಣಾಂತಿಕವಾಗಬಹುದು. ಒಳಗೆ ಕೊಬ್ಬು ಹೆಚ್ಚಿದ್ದು, ಸ್ನಾಯುಕೋಶಗಳು ಸತ್ತು ನಾರಿನ ಮುಚ್ಚಳವು ತೆಳುವಾಗಿದ್ದರೆ ಅದು ಒಂದು ದಿನ ಬಿರಿಯುತ್ತದೆ. ಒಳಗಿನ ವಸ್ತು ರಕ್ತಕ್ಕೆ ತಾಗಿದೊಡನೆ ಹೆಪ್ಪುಗಟ್ಟಿ ನಿಮಿಷಗಳಲ್ಲಿ ನಾಳವು ಮುಚ್ಚುತ್ತದೆ. ಹೃದಯದ ನಾಳದಲ್ಲಿ ಹೀಗಾದರೆ ಹೃದಯಾಘಾತ. ಮೆದುಳಿನ ನಾಳದಲ್ಲಿ ಹೀಗಾದರೆ ಪಾರ್ಶ್ವವಾಯು. ನಿನ್ನೆಯವರೆಗೆ ಉತ್ತ, ಹೊತ್ತ, ಮಾವಿನ ತೋಪಿನಲ್ಲಿ ದುಡಿದ ಗಟ್ಟಿ ಆಳು ಇಂದು ಇದ್ದಕ್ಕಿದ್ದಂತೆ ಕುಸಿಯುವುದಕ್ಕೆ ಕಾರಣವು ಅನೇಕ ವೇಳೆ ಇದೇ.

ವ್ಯಾಧಿಯು ವೃದ್ಧರಿಗೆ ಮಾತ್ರವೆಂಬ ಭಾವನೆಯೂ ಸಲ್ಲದು. ಕೊರಿಯ ಯುದ್ಧದಲ್ಲಿ ಮಡಿದ ೩೦೦ ಮಂದಿ ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು ೧೯೫೩ರಲ್ಲಿ ತಿಳಿಸಿದಂತೆ, ಸರಾಸರಿ ೨೨ ವರ್ಷದ ಆ ತರುಣರಲ್ಲಿ ನೂರಕ್ಕೆ ೭೭ ಮಂದಿಯ ನಾಳಗಳಲ್ಲಿ ವ್ಯಾಧಿಯ ಕುರುಹುಗಳಿದ್ದವು. ಇದು ಈ ಕಾಲದ ಪಿಡುಗು ಮಾತ್ರವೂ ಅಲ್ಲ. ಪ್ರಾಚೀನ ಕಾಲದ ೧೩೭ ಶವಗಳನ್ನು ಯಂತ್ರದಿಂದ ಪರೀಕ್ಷಿಸಿದ ವರದಿಯು ೨೦೧೩ರಲ್ಲಿ ಪ್ರಕಟವಾಗಿದ್ದು, ಸುಮಾರು ಮೂರನೆಯ ಒಂದು ಪಾಲಿನಲ್ಲಿ ಧಮನಿಯ ಸುಣ್ಣಗಟ್ಟುವಿಕೆ ಕಂಡಿತ್ತು. ಭಾರತೀಯರಲ್ಲಿ ಈ ವ್ಯಾಧಿಯು ಇತರರಿಗಿಂತ ಎಳೆಯ ವಯಸ್ಸಿನಲ್ಲಿಯೇ ಎರಗುತ್ತದೆಂಬುದು ವಿಷಾದದ ಸಂಗತಿ. ಚಿತ್ರದುರ್ಗದ ಮುರುಘಾಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತಿರುವ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ೨೦೧೭ರಲ್ಲಿ ೪೦ ವರ್ಷದೊಳಗಿನ ಹೃದ್ರೋಗಿಗಳ ದಾಖಲೆಯನ್ನು ಆರಂಭಿಸಿತು. ಅವರಲ್ಲಿ ಕಂಡ ಅತಿ ದೊಡ್ಡ ದೋಷವು ಧೂಮಪಾನ. ಸುಮಾರು ಅರ್ಧದಷ್ಟು ಮಂದಿ ಬೀಡಿ, ಸಿಗರೇಟು ಸೇದುವವರೇ ಆಗಿದ್ದರು.

ಕರ್ತವ್ಯ

ಸುಣ್ಣಗಟ್ಟಿದ ಭಾಗವು ಮತ್ತೆ ಕರಗುವುದು ಅಪರೂಪ. ಮುರಿದ ಇಲಾಸ್ಟಿನ್ ಮರಳದು. ಆದರೆ ಜೀವಕೋಶವು ಜೀವಂತವಾದುದರಿಂದಲೇ ಆಶೆಗೂ ಎಡೆಯಿದೆ. ಧೂಮಪಾನವನ್ನು ಬಿಟ್ಟವನ ಅಂತಃಸ್ತರವು ಚೇತರಿಸಿಕೊಳ್ಳುತ್ತದೆ. ದಿನವೂ ನಡೆಯುವವನ ನಾಳಗಳಲ್ಲಿ ಹರಿವು ಬಲಗೊಂಡು ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ. ಉಪ್ಪನ್ನು ಮಿತಿಗೊಳಿಸಿ, ವೈದ್ಯರು ಕೊಟ್ಟ ಮಾತ್ರೆಯನ್ನು ತಪ್ಪದೆ ಸೇವಿಸಿದರೆ ಒತ್ತಡವು ಹತೋಟಿಗೆ ಬರುತ್ತದೆ. ಜಪಾನಿನ ಅಕಿರಾ ಎಂಡೊ ೧೯೭೦ರ ದಶಕದಲ್ಲಿ ಬೂಷ್ಟಿನಿಂದ ಕಂಡುಹಿಡಿದ ದ್ರವ್ಯದ ವಂಶಕ್ಕೆ ಸೇರಿದ ಸ್ಟಾಟಿನ್ ಔಷಧಿಗಳು ಎಲ್‌.ಡಿ.ಎಲ್. ಅನ್ನು ತಗ್ಗಿಸಿ, ಗಂಟಿನೊಳಗಿನ ಕೊಬ್ಬನ್ನು ಕುಗ್ಗಿಸಿ, ಮುಚ್ಚಳವನ್ನು ಗಟ್ಟಿಗೊಳಿಸುತ್ತವೆ. ಒತ್ತಡವೂ ಸಕ್ಕರೆಯೂ ನೋವಿಲ್ಲದೆ ಏರುವಂಥವು. ಆದುದರಿಂದ ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳುವುದು ಯುಕ್ತ.

ಎದೆಯಲ್ಲಿ ಬಿಗಿತ, ಭಾರ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡಾಗ ಅದನ್ನು ವಾಯುವೆಂದೂ ಅಜೀರ್ಣವೆಂದೂ ಬಗೆದು, ಶುಂಠಿ ಕಷಾಯವನ್ನು ಕುಡಿದು ಮಲಗುವುದು ಹಳ್ಳಿಗಳಲ್ಲಿ ಇಂದಿಗೂ ಉಂಟು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಪೂರ್ಣ ಫಲವನ್ನು ಕೊಡುತ್ತದೆ. ಬೆಳಗಾಗಲೆಂದು ಕಾದವರು ಆ ಫಲವನ್ನು ಕಳೆದುಕೊಳ್ಳುತ್ತಾರೆ. ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ಆವಶ್ಯಕವಾದವರಿಗೆ ಆ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಮುಂದಿನ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಉದ್ದೇಶದಿಂದ ಕರ್ನಾಟಕ ಸರ್ಕಾರವು ೨೦೨೩ರ ನವೆಂಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯೂ, ಟಮಕದಲ್ಲಿ ೧೯೮೬ರಲ್ಲಿ ಸ್ಥಾಪಿತವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ಈ ನಾಲ್ಕು ತಾಲ್ಲೂಕುಗಳ ಜನರಿಗೆ ದೂರದವಲ್ಲ. ದಾರಿಯು ಹತ್ತಿರವಿದ್ದೂ ಹೊರಡುವ ನಿರ್ಧಾರವು ತಡವಾದರೆ ಒಂದು ಸಂಸಾರದ ಆಧಾರಸ್ತಂಭವೇ ಉರುಳಿಹೋಗುತ್ತದೆ. ಮನೆಯಲ್ಲಿ ಇಂತಹ ಲಕ್ಷಣವನ್ನು ಮೊದಲು ಗುರುತಿಸಿ ಹಿರಿಯರನ್ನು ಎಬ್ಬಿಸುವವನು ಶಾಲೆಯಲ್ಲಿ ಓದುವ ಬಾಲಕನೇ ಆಗಿರಬಹುದು. ವಿದ್ಯೆಯ ಪ್ರಯೋಜನವು ಆಗ ಪರೀಕ್ಷೆಯ ಅಂಕಗಳಿಗಿಂತ ಹಿರಿದಾಗುತ್ತದೆ.

೨೦೧೮ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಸಂಸ್ಕರಿಸಿದ ನೀರು ಕೋಲಾರ ಸೀಮೆಯ ಬತ್ತಿದ ಕೆರೆಗಳಿಗೆ ಹರಿಯುತ್ತ ಬಂದಿದೆ. ನೀರು ಬಂದುದರಿಂದಲೇ ಕೆರೆ ಉಳಿಯದು. ಏರಿಯನ್ನು, ತೂಬನ್ನು, ಕಾಲುವೆಯನ್ನು ನೋಡಿಕೊಳ್ಳುವವರು ಇರಬೇಕು. ಶರೀರದ ಧಮನಿಗಳಿಗೆ ಅಂತಹ ಪಾಲಕರನ್ನು ಪ್ರಕೃತಿಯೇ ಒದಗಿಸಿದೆ. ಅವು ಹಗಲಿರುಳೂ ಸದ್ದಿಲ್ಲದೆ ತಮ್ಮ ಕಾಯಕವನ್ನು ನಡೆಸುತ್ತಿರುತ್ತವೆ. ಆ ಪಾಲಕರನ್ನು ಹೊಗೆಯಿಂದ, ಒತ್ತಡದಿಂದ, ಸಕ್ಕರೆಯಿಂದ ದಣಿಸದೆ ಅವುಗಳ ಧರ್ಮದಲ್ಲಿ ನಿಲ್ಲಗೊಡುವುದೊಂದೇ ಮನುಷ್ಯನಿಗೆ ಉಳಿದಿರುವ ಕೆಲಸ.